ಇದ್ದಲಿ ತಗ್ಗಿನ ಬಿಳಿ ಶ್ಯಾವಿಗೆ

ಕಮಲಾಪುರದ ಕಸ್ತೂರಿಬಾಯಿಯದು ಎಲುಬಿಲ್ಲದ ನಾಲಿಗೆ. ಮಗನಿಗೆ ಹೆಣ್ಣು ಗೊತ್ತಾಗಿ, ಎಲೆ ಅಡಿಕೆ ಹಂಚಿ, ಇನ್ನೇನು ಗಾಡಿ ಹತ್ತಬೇಕು ಎನ್ನುವಾಗ ಹೆಣ್ಣಿನ ತಾಯಿ ಸೂಗಮ್ಮನಿಗೆ ಒಂದು ಮಾತು ಒಗೆದೇಬಿಟ್ಟಳು.

“ಮದಿವಿಗಿ ಶ್ಯಾವಿಗಿ ಬುಟ್ಟಿ ನಿಮ್ಮ ಕಡಿಯಿಂದ ಬರಬೇಕ್ರೀ. ಆದ್ರ ಇದ್ದಲಿ ಹೊರೋರ ಮನಿ ಶ್ಯಾವಿಗಿ ಬೆಳ್ಳಗ ಇರ್ತಾವೋ ಇಲ್ಲೋ, ನೋಡೂಣು.”

ಸೂಗಮ್ಮ ನಕ್ಕಳು. ಆ ಮಾತನ್ನು ಮಾತ್ರ ಸೆರಗಿಗೆ ಗಂಟು ಹಾಕಿಕೊಂಡಳು. ಮಾತುಕತೆ ನಡೆದದ್ದು ಕೋಟನೂರಿನ ಅವಳ ಅಣ್ಣನ ಮನೆಯಲ್ಲಿ. ಬೀಗರನ್ನು ತನ್ನ ಗುಡಿಸಲಿಗೆ ಕರೆಯಲು ಅವಳಿಗೆ ನಾಚಿಕೆಯಾಗಿತ್ತು.

ಆ ಗುಡಿಸಲು ಇದ್ದದ್ದು ಕಲಬುರಗಿ ಸ್ಟೇಶನ್ನಿನಾಚೆಯ ತಗ್ಗಿನಲ್ಲಿ, ರೈಲಿನ ಇಂಜಿನ್ನಿಗೆ ಕಲ್ಲಿದ್ದಲು ತುಂಬುವ ಜಾಗದ ಮಗ್ಗುಲಿಗೆ. ಹೆಣ್ಣಾಳುಗಳು ಬುಟ್ಟಿ ಹೊತ್ತು ಹಲಗೆ ಹತ್ತಿ ಇಂಜಿನ್ನಿನ ಬೆನ್ನಿಗೆ ಇದ್ದಲಿ ಸುರಿಯುತ್ತಿದ್ದರು. ಒಮ್ಮೆ ಎದ್ದ ಧೂಳನ್ನು ತೊಳೆಯಲು ಆ ಸೀಮೆಯಲ್ಲಿ ಮಳೆಯೂ ಇಲ್ಲ, ಮಳೆಗೆ ಮನಸ್ಸೂ ಇಲ್ಲ. ಜಾಲಿ ಗಿಡ ಕಪ್ಪು, ಕೋಳಿ ಕಪ್ಪು, ಒಗೆದ ಧೋತರವೂ ಕಪ್ಪು. ತಮ್ಮ ಬಣ್ಣದ ಚಿಂತೆ ಇಲ್ಲದೆ ಬಾಳಿದವು ಅಲ್ಲಿನ ಕಾಗೆಗಳು ಮಾತ್ರ. ಗಂಡ ಸತ್ತ ಮೇಲೆ ಸೂಗಮ್ಮ ಅಲ್ಲಿಯೇ ಬುಟ್ಟಿ ಹೊತ್ತು ಮಗಳು ನೀಲಗಂಗಾಳನ್ನು ಬೆಳೆಸಿದ್ದಳು.

“ನಮ್ಮ ಮಾಳಗಿ ಮ್ಯಾಲೆ ಒಣಗಸು ತಂಗಿ,” ಎಂದ ಅಣ್ಣ.

“ಅಲ್ಲಿ ಒಣಗಿಸಿದ್ರ ಅದು ನಿನ್ನ ಮನಿ ಶ್ಯಾವಿಗಿ ಆಗ್ತದ. ಆಕಿ ಕೇಳಿದ್ದು ನನ್ನ ಮನೀದು,” ಎಂದಳು ಸೂಗಮ್ಮ. ಹಟ ಹಿಡಿದರೆ ಉಡ.

ಹೆಣ್ಣಾಳುಗಳಿಗೆಲ್ಲ ಹಿರಿಯಳಾದ ಮಸ್ತಾನಬಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ನೀಲಿ ನನಗೇನು ಬ್ಯಾರೇನು? ನೀವು ಶ್ಯಾವಿಗಿ ಹೊಸೀರಿ. ಧೂಳಿನ ಮಾತು ನನಗ ಬಿಡ್ರಿ.”

ಅವಳಿಗೆ ಆ ತಗ್ಗಿನ ಗಾಳಿಯ ಗುಣ ಗೊತ್ತಿತ್ತು. ಹೊತ್ತೇರುವವರೆಗೆ ಅದು ಧೂಳನ್ನು ಬಯಲಿಗೆ ಒಯ್ಯುತ್ತದೆ, ಆಮೇಲೆ ಯಾವಾಗ ತಿರುಗಿ ಗುಡಿಸಲಿಗೆ ನುಗ್ಗುತ್ತದೋ ಹೇಳಲಾಗದು. ಗೂಡ್ಸ್ ಗಾಡಿ ಬರುವುದು ಮಧ್ಯಾಹ್ನ. ಅಷ್ಟರೊಳಗೆ ಒಣಗಿದರೆ ಸರಿ. ಗಾಳಿ ಮೊದಲೇ ತಿರುಗಿದರೆ ತಾನು ಬಟ್ಟೆ ಬೀಸುತ್ತೇನೆ, ಇದ್ದಲಿ ಗುಡ್ಡೆಯ ಮೇಲಿನ ಹೆಣ್ಣಾಳುಗಳು ಕೆದಕುವುದು ನಿಲ್ಲಿಸಬೇಕು ಎಂದು ಕಟ್ಟು ಮಾಡಿದಳು.

ನಸುಕಿನಲ್ಲೇ ಮಣೆಯ ಮೇಲೆ ಹಿಟ್ಟು ಬಿತ್ತು. ಹಾಡೇನು, ನಗೆಯೇನು! ಕೈ ತೊಳೆದು ತೊಳೆದು ಕೊಡದ ನೀರೇ ಮುಗಿಯಿತು. ಹೊತ್ತೇರುವಾಗ ಗುಡಿಸಲ ಮುಂದಿನ ಹಗ್ಗದ ತುಂಬ ಶ್ಯಾವಿಗೆ ಇಳಿಬಿದ್ದಿತ್ತು, ಮಲ್ಲಿಗೆಯಷ್ಟು ಬೆಳ್ಳಗೆ. ಸೂಗಮ್ಮ ಅದನ್ನು ಮುಟ್ಟಲೂ ಹೆದರಿ ದೂರದಿಂದಲೇ ನೋಡುತ್ತಿದ್ದಳು.

ಇನ್ನೂ ಅರ್ಧ ಹಸಿಯಿತ್ತು, ಗಾಳಿ ತಿರುಗಿತು. ಗುಡ್ಡೆಯ ಮೇಲೆ ಹೆಂಗಸರು ಗಾಡಿ ಬರುತ್ತದೆಂದು ಬುಟ್ಟಿ ತುಂಬತೊಡಗಿದ್ದರು. ಮಸ್ತಾನಬಿ ಕೈಗೆ ಸಿಕ್ಕಿದ ಸೀರೆ ಎಳೆದುಕೊಂಡು ಹಳಿಯ ದಿಬ್ಬ ಹತ್ತಿ ತಲೆಯ ಮೇಲೆ ಗಿರಗಿರ ಬೀಸಿದಳು. ಹೆಂಗಸರು ಕಂಡರು, ಬುಟ್ಟಿ ಬಿಟ್ಟರು. ತಿರುವಿನಲ್ಲಿ ಬರುತ್ತಿದ್ದ ಗೂಡ್ಸ್ ಗಾಡಿಯ ಡ್ರೈವರನೂ ಕಂಡ. ಸೀರೆ ಕೆಂಪಗಿತ್ತು. ಕಿರ್ರೆಂದು ಬ್ರೇಕು ಬಿತ್ತು, ಗಾಡಿ ಗುಡ್ಡೆಯಿಂದ ದೂರದಲ್ಲೇ ನಿಂತಿತು. ಅಷ್ಟು ವರ್ಷ ರೈಲಿನ ಅನ್ನ ಉಂಡವರಲ್ಲಿ, ಕೆಂಪು ತೋರಿಸಿದರೆ ಗಾಡಿ ನಿಲ್ಲುತ್ತದೆಂಬುದು ಒಬ್ಬರಿಗೂ ಹೊಳೆದಿರಲಿಲ್ಲ.

ಸ್ಟೇಶನ್ ಮಾಸ್ತರ ಟೋಪಿ ಹಿಡಿದುಕೊಂಡು ಓಡಿಬಂದ. “ಯಾವಳಾಕಿ ಗಾಡಿ ನಿಲ್ಲಿಸಿದಾಕಿ?”

ಮಸ್ತಾನಬಿ ಬಾಯಿ ತೆರೆಯುವುದರೊಳಗೆ ಸೂಗಮ್ಮ ಅಡ್ಡ ಬಂದಳು. “ತಪ್ಪು ನಂದ್ರೀ ಸಾಹೇಬ್ರ. ಮಗಳ ಮದಿವಿ ಶ್ಯಾವಿಗಿ ಕರ್ರಗಾಗ್ತಾವಂತ ಹಿಂಗ ಮಾಡಿದ್ವಿ. ಆಕೀಗಿ ಏನೂ ಅನ್ನಬ್ಯಾಡ್ರಿ.”

ಡ್ರೈವರ್ ಜಹಾಂಗೀರ್ ಬೈಯಲೆಂದೇ ಇಳಿದು ಬಂದಿದ್ದ. ಹಗ್ಗದ ಮೇಲಿನ ಶ್ಯಾವಿಗೆ ನೋಡಿ ಅವನ ಮೀಸೆ ಸಡಿಲಾಯಿತು. “ನಮ್ಮ ಅಮ್ಮಾನೂ ವಾಡಿ ಊರಾಗ ಈದ್ ಹಬ್ಬಕ್ಕ ಹಿಂಗೇ ಒಣಗಸ್ತಾಳ. ಇನ್ನ ಎಷ್ಟೊತ್ತು ಬೇಕು?”

“ಈ ಬಿಸಲಿಗಿ ಒಂದು ಗಳಿಗಿ ಸಾಕು, ಬೇಟಾ,” ಎಂದಳು ಮಸ್ತಾನಬಿ.

ಅವನು ಮಾಸ್ತರನ ಕಡೆ ತಿರುಗಿದ. “ಕೆಂಪು ಕಂಡ ಮ್ಯಾಲ ಹಳಿ ನೋಡದೆ ಮುಂದ ಹೋಗೂದು ಕಾನೂನಿನಾಗ ಇಲ್ಲ, ಮಾಸ್ತರ್ ಸಾಹೇಬ.”

ಕಾನೂನು ಎಂದರೆ ಮಾಸ್ತರನಿಗೆ ದೇವರು. ಇಬ್ಬರೂ ಸುತ್ತಿಗೆ ಹಿಡಿದು ಹಳಿ ಬಡಿಯುತ್ತ ಹೊರಟರು. ಜಹಾಂಗೀರ್ ಒಂದೊಂದು ಮೊಳೆಯನ್ನೂ ಹೆಣ್ಣು ನೋಡುವವನ ಹಾಗೆ ನಿಂತು ನಿಂತು ನೋಡಿದ. ಹಳಿಯಲ್ಲಿ ದೋಷವೇನೂ ಸಿಗಲಿಲ್ಲ. ಗಾಡಿ ಗುಡ್ಡೆಗೆ ಬರುವಷ್ಟರಲ್ಲಿ ಶ್ಯಾವಿಗೆ ಗರಿಗರಿಯಾಗಿ ಬುಟ್ಟಿ ಸೇರಿತ್ತು.

ಕಮಲಾಪುರದ ಮದುವೆ ಮನೆಯಲ್ಲಿ ಕಸ್ತೂರಿಬಾಯಿ ಬುಟ್ಟಿಯ ಬಟ್ಟೆ ಸರಿಸಿದಳು. ಒಂದು ಹಿಡಿ ಎತ್ತಿ ಬೆಳಕಿಗೆ ಹಿಡಿದಳು, ತಳಕ್ಕೆ ಕೈ ಹಾಕಿ ಇನ್ನೊಂದು ಹಿಡಿ ತೆಗೆದಳು. ಬೀಗತಿ ಒಳಗೆ ಹೋಗಿ ತನ್ನದೇ ಬುಟ್ಟಿ ತಂದು ಪಕ್ಕದಲ್ಲಿಟ್ಟಳು. ಅದರಲ್ಲಿದ್ದ ಶ್ಯಾವಿಗೆ ಕೆಂಪು ಕೆಂಪು.

“ನಮ್ಮೂರ ಮಣ್ಣು ಹಿಂಗ ನೋಡ್ರಿ. ಒಂದು ಗಾಡಿ ಹಾದು ಹೋತಂದ್ರ ಶ್ಯಾವಿಗಿಗೆಲ್ಲಾ ಕೆಂಪು ಧೂಳ. ನಮ್ಮತ್ತಿ ಸಾಯೂತನಾ ನನ್ನ ಇದಕ್ಕೇ ಹಂಗಿಸಿದ್ಳು. ಆ ಸಿಟ್ಟು ನಿಮ್ಮ ಮ್ಯಾಲೆ ಹಾಕಿದೆ.” ಅವಳ ದನಿ ಇಳಿದಿತ್ತು. “ಇಷ್ಟು ಬೆಳ್ಳಗ ಹೆಂಗ ಮಾಡಿದ್ರೀ?”

ದಾರಿಯುದ್ದಕ್ಕೂ ಸೂಗಮ್ಮ ಒಂದು ಚುಚ್ಚು ಮಾತು ಮಸೆದುಕೊಂಡು ಬಂದಿದ್ದಳು. ಈಗ ಅದು ಬಾಯಿಗೆ ಬರಲಿಲ್ಲ. ಅವಳಿಗೆ ಕಸ್ತೂರಿಬಾಯಿಯ ಮೇಲೆ ಅಕ್ಕರೆ ಉಕ್ಕಿತು.

“ಹೇಳಿದ್ರ ತಿಳಿಯೂದಿಲ್ರೀ,” ಎಂದಳು. “ಬರೂ ಬ್ಯಾಸಗಿಗಿ ಗೋಧಿ ಕಟಗೊಂಡು ನಮ್ಮ ಮನಿಗೇ ಬರ್ರಿ. ಕೂಡೇ ಹೊಸಿಯೂಣು.”

ಅರಿಷಿಣದ ಸೀರೆಯಲ್ಲಿ ಕೂತಿದ್ದ ನೀಲಗಂಗಾ ತಟ್ಟನೆ ತಲೆಯೆತ್ತಿ ತಾಯಿಯನ್ನು ನೋಡಿದಳು. ಹುಟ್ಟಿದಾಗಿನಿಂದ ಅವ್ವ ಹೊರಗಿನವರನ್ನು ತಗ್ಗಿನ ಆ ಗುಡಿಸಲಿಗೆ ಕರೆದದ್ದನ್ನು ಅವಳು ಕೇಳಿರಲಿಲ್ಲ.