ಗಂಟಲು ಹುಡುಕುವವನು

ಆದಿಲಕ್ಷ್ಮಿ ಹಾರ್ಮೋನಿಯಂ ಎತ್ತಿಕೊಂಡು ಹೋಗಿ ಶಾಮಿಯಾನದ ಆಚೆ, ಚಪ್ಪಲಿಗಳ ಪಕ್ಕ ಇಟ್ಟು ಬಂದಳು. ಇದು ಮೂರನೆಯ ಸಲ. ಬಂದು ಗಂಡನ ತಲೆಯ ಬಳಿ ಕೂರುವಷ್ಟರಲ್ಲಿ ಕೆ.ಆರ್. ಪುರದ ರಾಮಣ್ಣ ಅದನ್ನು ಮತ್ತೆ ತಂದು ಹೆಣದ ಕಾಲ ಬಳಿ ಇಟ್ಟುಕೊಂಡು ಕೆಮ್ಮಿ ಗಂಟಲು ಸರಿಮಾಡಿಕೊಂಡ.

“ರಾಮಣ್ಣಾ, ಗಂಟೆ ಮೂರಾಯ್ತು. ಹೆಣ ಎತ್ತಕ್ಕೆ ಬಿಡ್ತೀರೋ ಇಲ್ವೋ?”

“ಒಂದೇ ಒಂದು ಪದ ಅಕ್ಕಾ. ಅಣ್ಣನ ಋಣ ಐತೆ.”

“ಇದೇ ಮಾತು ಒಂದು ಗಂಟೆಗೂ ಅಂದ್ರಿ.”

“ಆವಾಗ ಮಾರತ್ತಹಳ್ಳಿಯೋರು ಮಧ್ಯಕ್ಕೆ ಬಾಯಿ ಹಾಕ್ಬಿಟ್ರು ಕಣಕ್ಕಾ. ನಮ್ದು ಪೂರ್ತಿ ಆಗ್ಲೇ ಇಲ್ಲ.”

ಹಲಸೂರಿನ ಆ ಗಲ್ಲಿಯಲ್ಲಿ ಬೆಳಗ್ಗೆಯಿಂದ ನಾಲ್ಕು ಭಜನೆ ಮಂಡಳಿಗಳು ಬೀಡುಬಿಟ್ಟಿದ್ದವು. ಒಬ್ಬರ ತಾಳ ನಿಲ್ಲುವ ಮೊದಲೇ ಇನ್ನೊಬ್ಬರ ತಬಲ ಶುರು. ದೇವರ ಹೆಸರಿಗೇನೂ ಕಡಿಮೆಯಿಲ್ಲ, ಆದರೆ ಹಾಡುವವರ ಕಣ್ಣು ಹೆಣದ ಮೇಲಿದ್ದರೆ ತಾನೇ? ಎಲ್ಲರ ಕಣ್ಣೂ ಬಸ್ಸು ನಿಲ್ಲುವ ಗಲ್ಲಿಯ ಬಾಯಿಯ ಮೇಲೆ. ಕ್ಯಾಸೆಟ್ ಕಂಪನಿಯ ಮುನಾವರ್ ಸಾಬರು ಬರುತ್ತಾರಂತೆ. ಅವರ ಕಿವಿಗೆ ಬಿದ್ದರೆ ಒಂದು ಕ್ಯಾಸೆಟ್ ಆದೀತು ಎಂಬ ಆಸೆ. ಥೂ ಇವರ, ಎಂದುಕೊಂಡಳು ಆದಿಲಕ್ಷ್ಮಿ. ಬದುಕಿದ್ದಾಗಲೂ ಇದೇ ಗೋಳು, ಸತ್ತ ಮೇಲೂ ಇದೇ ಗೋಳು.

ತಮ್ಮ ಮುನಿಆಂಜನಪ್ಪ ಬೆವರೊರೆಸಿಕೊಳ್ಳುತ್ತ ಬಂದ. “ಅಕ್ಕಾ, ಗುಂಡಿ ತೋಡಿ ಎರಡು ಗಂಟೆ ಆಯ್ತು. ಹೊತ್ತು ಮುಳುಗೋದ್ರೊಳಗೆ ಮಣ್ಣು ಆಗ್ಬೇಕು. ಇವ್ರನ್ನ ನಾನು ಹೊಡೆದು ಓಡಿಸ್ಲಾ?”

“ಹೊಡಿ. ನನ್ನದೂ ನಾಲ್ಕು ಸೇರಿಸಿ ಹೊಡಿ.”

ಮಗ್ಗುಲಲ್ಲಿ ಕೂತಿದ್ದ ಚಿಕ್ಕಮ್ಮ ಮುನಿಗಂಗಮ್ಮನಿಗೆ ಬೇರೆಯೇ ಚಿಂತೆ. ಅವಳು ಆದಿಲಕ್ಷ್ಮಿಯ ತೊಡೆ ತಿವಿದಳು. “ಊರೋರೆಲ್ಲ ಹಾಡ್ತಾವ್ರೆ, ಕಟ್ಕೊಂಡೋಳ ಬಾಯಿಗೆ ಬೀಗ. ನಾಕು ಮಾತು ಹಾಡ್ಕೊಂಡು ಅಳೇ. ಹೆಂಡ್ತಿ ಹಾಡಿ ಅಳದೆ ಹೆಣ ಎತ್ತುದ್ರೆ ಹೋದ ಜೀವ ಬಾಗ್ಲಲ್ಲೇ ನಿಲ್ತದೆ.”

“ನಿಂತ್ಕೊಳ್ಳಲಿ ಬಿಡು ಚಿಕ್ಕಮ್ಮ. ಬಾಗ್ಲಲ್ಲಿ ನಿಂತು ಅವ್ರಿಗೆ ಅಭ್ಯಾಸ ಐತೆ.”

ಬಾಯಲ್ಲಿ ಹಾಗಂದಳೇ ಹೊರತು ಅಳು ಬೆಳಗಿನಿಂದ ಎದೆಯಲ್ಲಿ ಮುದ್ದೆ ಸಿಕ್ಕಿಕೊಂಡ ಹಾಗೆ ಕೂತಿತ್ತು. ಅತ್ತುಬಿಟ್ಟರೆ ಸಾಕಪ್ಪಾ ಅನ್ನಿಸುತ್ತಿತ್ತು. ಆದರೆ ಗಂಡನ ತಲೆದಿಂಬಿನ ಪಕ್ಕ ಅವನ ಕರಿಯ ಟೇಪ್ ರೆಕಾರ್ಡರ್ ಇತ್ತು. ಭಾವನ ಜೀವವೇ ಅದರಲ್ಲಿತ್ತು ಎಂದು ಮುನಿಆಂಜನಪ್ಪನೇ ತಂದಿಟ್ಟಿದ್ದ. ರೆಕಾರ್ಡ್ ಮಾಡುವ ಅದರ ಕೆಂಪು ಗುಂಡಿ ಯಾರಾದರೂ ಒತ್ತಿದ್ದಾರಾ ಎಂದು ಅವಳು ಗಳಿಗೆಗೊಮ್ಮೆ ನೋಡುತ್ತಿದ್ದಳು.

•

ಇಪ್ಪತ್ತು ವರ್ಷ ಅವಳ ಗಂಡ ಚಲುವಯ್ಯ ಮಾಡಿದ ಕೆಲಸಕ್ಕೆ ಸರಿಯಾದ ಒಂದು ಹೆಸರಿರಲಿಲ್ಲ. ಶಿವಾಜಿನಗರದ ಬಸ್‌ಸ್ಟ್ಯಾಂಡಿನ ಎದುರಿಗೆ ಮುನಾವರ್ ಸಾಬರ ಬುಲ್‌ಬುಲ್ ಕ್ಯಾಸೆಟ್ ಕಂಪನಿ. ಭಕ್ತಿಗೀತೆ, ತತ್ವಪದ, ಜನಪದ ಹಾಡುಗಳ ಕ್ಯಾಸೆಟ್ಟುಗಳಿಗೆ ಹೊಸ ಗಂಟಲು ಹುಡುಕಿ ತರುವುದು ಇವನ ಪಾಲಿನದು.

ಬೇರೆ ಕಂಪನಿಯವರು ಗಣೇಶನ ಪೆಂಡಾಲು, ಆರ್ಕೆಸ್ಟ್ರಾ ಎಂದು ತಿರುಗುತ್ತಿದ್ದರು. ಚಲುವಯ್ಯ ಅತ್ತ ತಲೆ ಹಾಕಿಯೂ ಮಲಗಿದವನಲ್ಲ. “ಪೆಂಡಾಲಲ್ಲಿ ಹಾಡೋನು ಚಪ್ಪಾಳೆಗೆ ಹಾಡ್ತಾನೆ ಕಣೇ. ಸಾವಿನ ಮನೇಲಿ ಚಪ್ಪಾಳೆ ಯಾರು ಹೊಡೀತಾರೆ? ಅಲ್ಲಿ ಕೇಳೋದೇ ನಿಜವಾದ ಗಂಟ್ಲು” ಎನ್ನುತ್ತಿದ್ದ. ಬೆಳಗ್ಗೆ ಎದ್ದರೆ ಮಾರ್ಕೆಟ್ಟಿನ ಹೂವಿನವರ ಹತ್ತಿರ ಹೋಗಿ ದೊಡ್ಡ ಹಾರ ಯಾವ ಊರಿಗೆ ಹೋಯಿತು ಎಂದು ವಿಚಾರಿಸುವುದು, ಆ ಊರಿನ ಬಸ್ಸು ಹತ್ತುವುದು. ಸತ್ತವರ ಹೆಸರೂ ಗೊತ್ತಿರದೆ ನೆಂಟನ ಹಾಗೆ ಮುಖ ಸಪ್ಪೆ ಮಾಡಿಕೊಂಡು ಮೂಲೆಯಲ್ಲಿ ಕೂರುವುದು. ಚೀಲದೊಳಗೆ ಟೇಪ್ ರೆಕಾರ್ಡರ್ ತಿರುಗುತ್ತಿರುತ್ತಿತ್ತು.

ಅವನದು ಕಲೆ, ಇವಳದು ಹಂಡೆ. ಸಾವಿನ ಮನೆಯಿಂದ ಬಂದವನು ತಲೆಗೆ ನೀರು ಬೀಳದೆ ಹೊಸಿಲು ದಾಟುವಂತಿಲ್ಲ. ವಾರಕ್ಕೆ ನಾಲ್ಕು ಸಾವು ಎಂದರೆ ನಾಲ್ಕು ಹಂಡೆ ನೀರು. ಮಳೆಯಲ್ಲಿ ಹಸಿ ಸೌದೆ ಊದಿ ಊದಿ ಅವಳ ಕಣ್ಣು ಕೆಂಪಾಗಿರುತ್ತಿತ್ತು. ಹಿತ್ತಲ ಬಾಗಿಲಲ್ಲಿ ನಿಂತು ನಡುಗುತ್ತ ಅವನು, “ಆದಿ, ಇವತ್ತೊಂದು ಗಂಟ್ಲು ಸಿಕ್ತು ಕಣೇ!” ಎಂದರೆ ಅವಳು ಚೊಂಬು ತಲೆಯ ಮೇಲೆ ಬೋರಲು ಹಾಕುತ್ತಿದ್ದಳು. “ನಮ್ಮ ನೆಂಟ್ರಲ್ಲಿ ಇಷ್ಟು ಜನ ಸತ್ತಿದ್ರೆ ವಂಶಾನೇ ನಿರ್ವಂಶ ಆಗ್ತಿತ್ತು. ಮುಚ್ಕೊಂಡು ಒಳಗೆ ಬನ್ನಿ.”

ಸಿಕ್ಕ ಗಂಟಲನ್ನು ಮುನಾವರ್ ಸಾಬರು ಒಪ್ಪುವ ರೀತಿಯೂ ವಿಚಿತ್ರ. ಅವರಿಗೆ ರಾಗ ತಿಳಿಯದು, ತಾಳ ತಿಳಿಯದು. ಅಂಗಡಿಯ ಮುಂದಿನ ಸ್ಪೀಕರಿಗೆ ಆ ಕ್ಯಾಸೆಟ್ ಹಾಕಿ, ಬಸ್ಸಿಗೆ ಕಾಯುವವರನ್ನು ನೋಡುತ್ತ ನಿಲ್ಲುತ್ತಿದ್ದರು. ಹತ್ತು ಕತ್ತು ಇತ್ತ ತಿರುಗಿದರೆ ಹಾಡಿದವನಿಗೆ ಬುಲಾವ್, ಛಾಪಾ ಕಾಗದದ ಮೇಲೆ ಸಹಿ, ಕ್ಯಾಸೆಟ್ಟಿನ ಹೊದಿಕೆಗೆ ಶಾಲು ಹೊದಿಸಿ ಫೋಟೋ. ಹತ್ತು ಕತ್ತು ತಿರುಗದಿದ್ದರೆ ಒಂದು ಚಾ ಕುಡಿಸಿ ಸಾಗಹಾಕುತ್ತಿದ್ದರು.

ಗುಟ್ಟು ಎಷ್ಟು ದಿನ ನಿಂತೀತು? ಚೀಲ ಹಿಡಿದವನು ಮೂಲೆಯಲ್ಲಿ ಕಂಡರೆ ಸಾಕು, ಭಜನೆಯವರಿಗೆ ದೇವರು ಮೈಮೇಲೆ ಬಂದ ಹಾಗೆ ಆಗತೊಡಗಿತು. ಚಪ್ಪಾಳೆಗೆ ಹಾಡದವರನ್ನು ಹುಡುಕಿ ಹೋದವನೇ ಸಾವಿನ ಮನೆಗಳಿಗೆಲ್ಲ ಚಪ್ಪಾಳೆಯ ಚಟ ಹತ್ತಿಸಿದ್ದ. ಚಲುವಯ್ಯ ಬಂದ ಮನೇಲಿ ಹೆಣ ಹೊತ್ತಿಗೆ ಸರಿಯಾಗಿ ಏಳಲ್ಲ ಎಂದು ಆ ಕಡೆಯ ಹಳ್ಳಿಗಳಲ್ಲಿ ಗಾದೆಯೇ ಆಗಿಹೋಯಿತು.

•

ತೊಂಬತ್ತನಾಲ್ಕರಲ್ಲಿ ಮಹದೇವಪುರದಲ್ಲಿ ಆದಿಲಕ್ಷ್ಮಿಯ ಅವ್ವ ಮಾನಮ್ಮ ತೀರಿಕೊಂಡಳು. ಅವ್ವನ ಕಾಲು ಹಿಡಿದು ಆದಿಲಕ್ಷ್ಮಿ ಹಾಡಿಕೊಂಡು ಅತ್ತಳು. ರಾಗಿ ಬೀಸಿದ್ದು, ಕೆರೆಯ ಏರಿಯ ಮೇಲೆ ಅವ್ವನ ಹಿಂದೆ ನಡೆದದ್ದು, ತವರಿನ ದಾರಿ ಇವತ್ತಿಗೆ ಮುಚ್ಚಿದ್ದು, ಎಲ್ಲವೂ ತಾನಾಗಿ ಪದವಾಗಿ ಬಂತು. ಕೇಳಿದ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ಚಲುವಯ್ಯನೂ ಅತ್ತ. ಅಳುತ್ತಲೇ ಚೀಲದೊಳಗೆ ಕೈ ಹಾಕಿದ್ದ.

ಹನ್ನೊಂದು ದಿನ ಕಳೆದ ಮೇಲೆ ಅವಳು ಬುತ್ತಿ ತೆಗೆದುಕೊಂಡು ಶಿವಾಜಿನಗರಕ್ಕೆ ಹೋದಳು. ಬಸ್ಸಿಳಿದರೆ ಜನವೆಲ್ಲ ಕತ್ತು ತಿರುಗಿಸಿ ನಿಂತಿದ್ದಾರೆ. ಒಬ್ಬ ಕಂಡಕ್ಟರ್ ಸೀಟಿ ಊದುವುದನ್ನೂ ಮರೆತಿದ್ದಾನೆ. ಸ್ಪೀಕರಿನಲ್ಲಿ ತನ್ನ ಅವ್ವನ ಹೆಸರು. ತನ್ನದೇ ಗಂಟಲು.

ಬುತ್ತಿಯನ್ನು ಅಲ್ಲೇ ಬಿಸಾಕಿ, ಅಂಗಡಿಗೆ ನುಗ್ಗಿ ಸ್ಪೀಕರಿನ ವೈರು ಕಿತ್ತಳು. ಮುನಾವರ್ ಸಾಬರು ಛಾಪಾ ಕಾಗದ ತೆಗೆದಿಟ್ಟು ಕೂತಿದ್ದರು. ಚಲುವಯ್ಯನ ಮುಖ ಹಬ್ಬದ ಮುಖವಾಗಿತ್ತು.

“ಆದಿ, ನಲವತ್ತು ಕತ್ತು ಕಣೇ! ನಲವತ್ತು! ಇಂಥ ಗಂಟ್ಲು ಮನೇಲಿಟ್ಕೊಂಡು ನಾನು ಊರೂರು ಅಲೀತಿದ್ದೆ.”

“ಅದು ಹಾಡಲ್ಲ ಕಣ್ರೀ, ನಮ್ಮವ್ವ. ನಮ್ಮವ್ವನ್ನ ಬಸ್‌ಸ್ಟ್ಯಾಂಡಲ್ಲಿ ಮಾರಾಟಕ್ಕಿಟ್ರಾ?” ಎಂದಳು. ಅವನ ಮುಖ ಇಳಿಯಿತು. “ಇವತ್ತಿಂದ ಯಾರು ಸತ್ರೂ ನಾನು ಬಾಯಿ ಬಿಡಲ್ಲ. ನೀವು ಸತ್ರೂ ಅಳಲ್ಲ. ಅದನ್ನೂ ರೆಕಾರ್ಡ್ ಮಾಡ್ಕೊಳ್ಳಿ.”

ಅಂದು ಸಂಜೆ ಅವನು ಹಿತ್ತಲಲ್ಲಿ ನಿಂತು, “ಅಳಿಸಿಬಿಟ್ಟೆ ಕಣೇ” ಎಂದ. ಯಾವ ಸಾವಿಗೂ ಹೋಗಿರಲಿಲ್ಲ, ಆದರೂ ತಲೆಗೆ ತಾನೇ ನೀರು ಹೊಯ್ದುಕೊಂಡ. ಅವಳು ನಂಬಲಿಲ್ಲ. ಒಳ್ಳೆಯ ಗಂಟಲನ್ನು ಅಳಿಸುವ ಗಂಡಸೇ ಅಲ್ಲ ಅದು. ಆಮೇಲೆ ಅವಳ ಅಣ್ಣ ಸತ್ತ, ಅತ್ತೆ ಸತ್ತಳು, ಇವಳು ತುಟಿ ಬಿಚ್ಚಲಿಲ್ಲ. ಹದಿನೈದು ವರ್ಷ ಯಾವ ಕ್ಯಾಸೆಟ್ ಅಂಗಡಿಯ ಮುಂದೆ ಹೋದರೂ ಅವಳ ಕಿವಿ ನೆಟ್ಟಗಾಗುತ್ತಿತ್ತು.

•

ನಾಲ್ಕು ಗಂಟೆಗೆ ಆಟೋದಿಂದ ಮುನಾವರ್ ಸಾಬರು ಇಳಿದರು. ನಾಲ್ಕು ಮಂಡಳಿಗಳೂ ಒಟ್ಟಿಗೇ ಬಾಯಿ ತೆರೆದವು. ಆ ಗದ್ದಲಕ್ಕೆ ಬೀದಿಯ ನಾಯಿಗಳು ಓಡಿದವು. ಸಾಬರು ಹೆಣಕ್ಕೆ ಹಾರ ಹಾಕಿ ಕಣ್ಣೊರೆಸಿಕೊಳ್ಳುವುದಕ್ಕೂ ಬಿಡದೆ ರಾಮಣ್ಣ ಅವರ ಮುಂದೆ ಮಂಡಿಯೂರಿದ. “ಸಾಬ್ರೇ, ಒಂದು ಸಲ ಕೇಳಿ. ಒಂದೇ ಪದ. ಕ್ಯಾಸೆಟ್ ಮಾಡಿ ಸಾಬ್ರೇ.”

ಸಾಬರು ಅವನನ್ನೇ ನೋಡಿದರು. “ಅರೆ, ಯಾವ ಕ್ಯಾಸೆಟ್ಟು ರಾಮಣ್ಣ? ಕಂಪನಿ ಮುಚ್ಚಿ ಎರಡು ವರ್ಷ ಆಯ್ತು. ಈಗ ಎಲ್ಲಾ ಸೀಡಿ, ಫೋನು. ಅದೇ ಅಂಗಡೀಲಿ ಮೊಬೈಲ್ ಕವರ್ ಮಾರ್ತಿದ್ದೀನಿ. ಚಲುವಯ್ಯ ನಿಮ್ಗೆ ಹೇಳ್ಲಿಲ್ವಾ?”

ತಬಲ ನಿಂತಿತು. ತಾಳ ನಿಂತಿತು. ಚಲುವಯ್ಯ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಎರಡು ವರ್ಷ ಸುಮ್ಮನೆ ಸಾವಿನ ಮನೆಗಳಿಗೆ ಹೋಗಿ, ಕೇಳಿ, ಬಂದು, ಅವಳ ಕೈಯಲ್ಲಿ ನೀರು ಹೊಯ್ಯಿಸಿಕೊಂಡಿದ್ದ. ಆದಿಲಕ್ಷ್ಮಿ ಹಣೆ ಚಚ್ಚಿಕೊಂಡಳು.

ಸಾಬರು ಅವಳ ಎದುರು ಕೂತು ಜುಬ್ಬಾದ ಜೇಬಿನಿಂದ ಒಂದು ಹಳೆಯ ಕ್ಯಾಸೆಟ್ ತೆಗೆದರು. “ಭಾಭಿ, ಇದು ನಿಮ್ದು.”

ಅವಳ ಮೈಯೆಲ್ಲ ಉರಿದುಹೋಯಿತು. “ನಂಗೊತ್ತಿತ್ತು! ಅಳಿಸ್ದೆ ಅಂತ ಸುಳ್ಳು ಹೇಳಿದ್ರು. ಸುಳ್ಳ!”

“ಸುಳ್ಳಲ್ಲ ಭಾಭಿ. ಅವತ್ತೇ ಅಳಿಸ್ದ. ಸುಮ್ನೆ ಖಾಲಿ ಬಿಟ್ರೆ ಹಳೇದು ಸಣ್ಣಗೆ ಕೇಳ್ತಾನೇ ಇರುತ್ತೆ, ಮೇಲೆ ಇನ್ನೊಂದು ದನಿ ಗಟ್ಟಿಯಾಗಿ ಕೂರ್ಬೇಕು ಅಂದ. ನಮ್ಮ ರೆಕಾರ್ಡಿಂಗ್ ರೂಮಲ್ಲಿ ತಾನೇ ಕೂತ. ಮನೇಲಿಟ್ರೆ ಕೇಳಿ ನಗ್ತಾಳೆ, ನಿಮ್ಮ ಹತ್ರಾನೇ ಇರ್ಲಿ ಅಂತ ಕೊಟ್ಟು ಹೋದ. ಕೇಳಿ.”

ದಿಂಬಿನ ಪಕ್ಕದ ರೆಕಾರ್ಡರಿಗೆ ಕ್ಯಾಸೆಟ್ ಹಾಕಿ ಅವರೇ ಗುಂಡಿ ಒತ್ತಿದರು. ಮೊದಲು ಕೆಮ್ಮು. ಆಮೇಲೆ ಚಲುವಯ್ಯ ಹಾಡಿದ.

ಅಯ್ಯೋ ದೇವರೇ, ಅದೆಂಥ ಗಂಟಲು! ತುಕ್ಕು ಹಿಡಿದ ರಾಟೆಯ ಹಾಗಿತ್ತು. ಶ್ರುತಿ ಎಲ್ಲೋ, ಅವನೆಲ್ಲೋ. ಮೂವತ್ತು ವರ್ಷ ಸಂಸಾರ ಮಾಡಿದರೂ ಗಂಡ ಒಂದು ಸಾಲು ಗುನುಗಿದ್ದನ್ನು ಅವಳು ಕೇಳಿರಲಿಲ್ಲ. ಏಕೆ ಎಂದು ಈಗ ತಿಳಿಯಿತು. ಭಜನೆಯವರಲ್ಲಿ ಯಾರೋ ಕಿಸಕ್ಕೆಂದರು.

ಆದರೆ ಪದಗಳು ಅವಳವು. ಬೀಸಿದ ರಾಗಿ, ಕೆರೆಯ ಏರಿ, ಮುಚ್ಚಿದ ತವರಿನ ದಾರಿ. ಅವಳ ಅವ್ವನಿಗೆ ಅವಳು ಹಾಡಿದ್ದನ್ನೆಲ್ಲ ಒಂದು ಅಕ್ಷರ ಬಿಡದೆ ಅವನು ಬಾಯಿಪಾಠ ಮಾಡಿದ್ದ. ಅವಳ ದನಿಯನ್ನು ಅಳಿಸಿ, ಆ ಜಾಗದಲ್ಲಿ ಆ ದರಿದ್ರ ಗಂಟಲಿನಲ್ಲಿ, ನಡುನಡುವೆ ಸೊರಸೊರ ಮೂಗೆಳೆಯುತ್ತ, ತಾನೇ ಕೂತು ಅತ್ತಿದ್ದ.

“ನಾನು ಇದನ್ನೂ ಒಂದು ಸಲ ಸ್ಪೀಕರಿಗೆ ಹಾಕ್ದೆ ಭಾಭಿ” ಎಂದರು ಸಾಬರು. “ಒಂದೇ ಒಂದು ಕತ್ತು ತಿರುಗ್ಲಿಲ್ಲ.”

“ಸಾಕು ನಿಲ್ಸಿ, ಕಿವಿ ನೋಯ್ತದೆ” ಎಂದು ಆದಿಲಕ್ಷ್ಮಿ ತಾನೇ ಗುಂಡಿ ಒತ್ತಿ ನಿಲ್ಲಿಸಿದಳು. ರೆಕಾರ್ಡರನ್ನು ಮಗುಚಿ, ಮುಚ್ಚಳಕ್ಕೆ ಸುತ್ತಿದ್ದ ರಬ್ಬರ್ ಬ್ಯಾಂಡ್ ಕಿತ್ತಳು. ನಾಲ್ಕು ಸೆಲ್ಲುಗಳನ್ನು ಒಂದೊಂದಾಗಿ ತೆಗೆದು ಗಂಡನ ಎದೆಯ ಮೇಲೆ, ಹಾರಗಳ ನಡುವೆ ಇಟ್ಟಳು. ಸುತ್ತ ನಿಂತವರನ್ನು ದುರುಗುಟ್ಟಿ ನೋಡಿದಳು.

“ಫೋನು ಕೈಲಿ ಹಿಡ್ಕೊಂಡಿರೋರು ಜೇಬಿಗೆ ಹಾಕ್ಕೊಳ್ಳಿ.”

ಹಾಕಿಕೊಂಡರು. ಅವಳು ಗಂಡನ ಎರಡೂ ಕಾಲು ಹಿಡಿದು ಬಾಯಿ ತೆರೆದಳು.

“ಊರೂರ ಗಂಟಲ ಹುಡುಕೋಕೆ ಹೋದೋನೇ, ಹಂಡೆಯ ನೀರು ಆರೋಯ್ತು, ಹಿತ್ತಲ ಬಾಗಿಲು ತೆರೆದೈತೆ, ಯಾವಾಗ ಬರ್ತೀಯೋ ನನ್ನ ದೊರೆಯೇ…”

ಮುನಿಗಂಗಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ರಾಮಣ್ಣ ಸದ್ದಿಲ್ಲದೆ ಹಾರ್ಮೋನಿಯಂ ಎತ್ತಿ ಚಪ್ಪಲಿಗಳ ಪಕ್ಕ ಇಟ್ಟು ಬಂದ. ಗಲ್ಲಿಯ ಬಾಯಲ್ಲಿ ಬಸ್ಸಿಗೆ ಕಾಯುತ್ತಿದ್ದವರು ಒಬ್ಬೊಬ್ಬರಾಗಿ ಕತ್ತು ತಿರುಗಿಸಿದರು. ಬಸ್ಸು ಬಂದು ನಿಂತಿತು, ಯಾರೂ ಹತ್ತಲಿಲ್ಲ. ಮುನಾವರ್ ಸಾಬರು ಆ ಕಡೆ ನೋಡಲಿಲ್ಲ. ರಸ್ತೆಗೆ ಬೆನ್ನು ಹಾಕಿ, ಟೋಪಿ ಸರಿಮಾಡಿಕೊಂಡು, ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದರು.