ಮಿಷನ್ನಿನ ಶ್ರುತಿ

“ಇದನ್ನ ತಂದು ಇಲ್ಲೇ ಯಾಕ ನಿಲ್ಲಿಸ್ಯಾರ?”

ಹಿಂದಿನ ವರಾಂಡದಲ್ಲಿ ಆಗ ಯಾರೂ ಇರಲಿಲ್ಲ. ಶಾಮಲಾ ಟೀಚರ್ ಕೇಳಿದ್ದು ಗೋಡೆಯನ್ನೋ, ಗೋಡೆಗೆ ಒರಗಿ ನಿಂತ ಹೊಸ ಯಂತ್ರವನ್ನೋ. ಅದರ ಗಾಜಿನೊಳಗೆ ಮಜ್ಜಿಗೆ, ಬಿಸ್ಕೀಟು, ಚಿವಡಾ ಪೊಟ್ಟಣಗಳು ಸಾಲಾಗಿ ನಿಂತಿದ್ದವು. ಪುಣೆಯ ಧನಕವಡಿಯ ಆ ಸಣ್ಣ ಕನ್ನಡ ಶಾಲೆಯಲ್ಲಿ ರಸ್ತೆಯ ಹಾರ್ನು ಕೇಳಿಸದ ಜಾಗ ಅದೊಂದೇ. ಊಟವಾದ ಮೇಲೆ ಅರ್ಧ ಗಂಟೆ ಅಲ್ಲಿ ಮಕ್ಕಳಿಗೆ ಷಟ್ಪದಿ ವಾಚನ ಕಲಿಸುತ್ತಿದ್ದಳು. ಪುಸ್ತಕವಿಲ್ಲ, ಹಾರ್ಮೋನಿಯಂ ಇಲ್ಲ, ಬಾಯಿಂದ ಕಿವಿಗೆ. ದಸರೆಗೆ ಕನ್ನಡ ಸಂಘದ ವೇದಿಕೆಯಲ್ಲಿ ಮಕ್ಕಳು ಚೆನ್ನಾಗಿ ಹೇಳಿದರಷ್ಟೇ ಈ ತರಗತಿ ಮುಂದುವರಿಯುತ್ತದೆಂದು ಹೆಡ್‌ಮಾಸ್ತರ ಬಸವಪ್ರಭು ಹೇಳಿಬಿಟ್ಟಿದ್ದರು.

ಅವರ ಕೋಣೆಗೇ ಹೋದಳು.

“ಸಾಲಿಗೆ ಮಿಷನ್ ಯಾಕ ಬೇಕ್ರಿ ಸರ್? ಮಕ್ಕಳು ಡಬ್ಬಿ ತರ್ತಾರಲ್ಲ?”

“ಕ್ಯಾಂಪ್ ಏರಿಯಾದ ದೊಡ್ಡ ಸಾಲ್ಯಾಗೆಲ್ಲ ಅದ ಬಾಯಾರ. ಅಡ್ಮಿಶನ್ನಿಗೆ ಬಂದವರು ಮೊದಲು ಅದನ್ನ ನೋಡ್ತಾರ. ಆಮ್ಯಾಲೆ ನಿಮ್ಮನ್ನ, ನನ್ನನ್ನ.”

“ಫೋನಿನಿಂದ ರೊಕ್ಕ ಕೊಟ್ರಷ್ಟ ಅದು ಬಾಯಿ ಬಿಡತದ. ಮಕ್ಕಳು ಫೋನ್ ತರಬಾರದು ಅಂತ ನೀವ ಬೋರ್ಡ್ ಹಾಕೀರಿ!”

“ಟೀಚರ್ ಹಂತ್ಯಾಕ ಇರ್ತಾವಲ್ರಿ.”

ಅಂದಿನಿಂದ ಊಟದ ಹೊತ್ತಿಗೆ ಶಾಮಲಾಳ ಫೋನಿಗೆ ಪಾಳಿ. “ಟೀಚರ್, ನಂದೊಂದು ಚಿವಡಾ!” ಅದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಯಂತ್ರದ ಗುಂಯ್ ಎನ್ನುವ ಸದ್ದು. ಒಂದು ಮಧ್ಯಾಹ್ನ ಸ್ವಿಚ್ ಆರಿಸಿದಳು. ಎರಡು ಪದ್ಯ ಮುಗಿಯುವಷ್ಟರಲ್ಲಿ ಯಂತ್ರ ದಾನ ಕೊಟ್ಟ ಹೋಟೆಲಿನ ಸುಖೇಶ್ ಫೋನ್ ಮಾಡಿದರು.

“ಎಂತ ಟೀಚರ್, ಮಿಷನ್ ಬಂದ್ ಆಗಿದೆ ಅಂತ ನನ್ನ ಮೊಬೈಲಿಗೆ ಬಂತು. ಮಜ್ಜಿಗೆ ಹಾಳಾಗ್ತದೆ ಮಾರಾಯ್ರೆ!”

ಮತ್ತೆ ಹಾಕಿದಳು. ಬೇರೇನು ಮಾಡುವುದು?

ಆಶ್ಚರ್ಯವೆಂದರೆ, ಬರಬರುತ್ತ ಮಕ್ಕಳ ದನಿ ಕೂಡಿಬಂತು. ಹತ್ತು ಕಡೆ ಹರಿದಾಡುತ್ತಿದ್ದ ಸ್ವರ ಒಂದೇ ದಾರಕ್ಕೆ ಪೋಣಿಸಿದಂತೆ ನಿಂತಿತು. ಒಂದು ದಿನ ಶಾಮಲಾ ಕಣ್ಣು ಮುಚ್ಚಿ, ದೇವರ ಮುಂದೆ ಕೂತಂತೆ ಕೇಳುತ್ತಿದ್ದಳು. ಅಷ್ಟರಲ್ಲಿ ಯಂತ್ರ ಟಕ್ಕೆಂದು ತಾನಾಗಿಯೇ ಸುಮ್ಮನಾಯಿತು. ಮೊದಲ ದನಿ ಹಿಡಿಯುವ ಶಿವಾನಿಯ ಸ್ವರ ಜಾರಿತು. ಹಿಂದೆಯೇ ಎಲ್ಲರೂ ನಿಂತರು. ತುಸು ಹೊತ್ತಿಗೆ ಯಂತ್ರ ಮತ್ತೆ ಗುಂಯ್ ಎಂದಿತು. ಮಕ್ಕಳು ಬಿಟ್ಟ ಪದದಿಂದಲೇ ಎತ್ತಿಕೊಂಡರು.

“ಯಾಕ ನಿಂತಿದ್ರಿ?”

“ಶ್ರುತಿ ಹೋಗಿತ್ತಲ್ರಿ,” ಎಂದ ಶಮಂತ್.

“ಅದೇನು ತಂಬೂರಿ ಏನೋ ಭಾಡ್ಯಾ? ಫ್ರಿಜ್ಜು!”

“ತಂಬೂರಿಗಿಂತ ಚಲೋ ಅದರೀ. ಕಿವಿ ಹಿಂಡೂದು ಬ್ಯಾಡ.”

ಎಲ್ಲರೂ ನಕ್ಕರು. ಶಾಮಲಾಗೆ ನಗು ಬರಲಿಲ್ಲ. ಇಷ್ಟು ದಿನ ತಾನು ತಲೆದೂಗಿದ್ದು ಯಾವುದಕ್ಕೆ? ಎದ್ದು ಹೋಗಿ ಪ್ಲಗ್ಗನ್ನೇ ಕಿತ್ತಳು.

“ಸ್ಟೇಜಿನ ಮ್ಯಾಲೆ ಇದು ಇರೂದಿಲ್ಲ. ಶಿವಾನಿ, ನೀ ಎತ್ತಿಕೋ. ಶ್ರುತಿ ನಿನ್ನ ಹೊಟ್ಟ್ಯಾಗ ಅದ.”

ಶಿವಾನಿ ಬಾಯಿ ತೆರೆದಳು. ದನಿ ಎಲ್ಲಿ ಊರಬೇಕೆಂದು ತಿಳಿಯದೆ ಮುಚ್ಚಿದಳು. ಗೆಳತಿಯರತ್ತ ನೋಡಿದಳು, ಅವರು ನೆಲ ನೋಡುತ್ತಿದ್ದರು.

“ಒಂದ ಸಾಲು, ನನ್ನವ್ವಾ. ತಪ್ಪಿದ್ರ ತಪ್ಪಲಿ. ನಾ ಕೇಳ್ತೀನಿ, ಹೇಳು.”

ಹುಡುಗಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

“ಒಲ್ಲೆ,” ಎಂದಳು. “ಅದು ಚಾಲೂ ಆಗೋತನಕ ನಾ ಹೇಳಂಗಿಲ್ಲ.”