ಕರಿಯಾಡು ಈಯುವವರೆಗೆ

"ಎಂಗದ ಅಕ್ಕ? ಇವತ್ತು ಈಯ್ತದಾ?"

ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಬೀಗತಿ ರಾಚಮ್ಮ ಹೀಗೆ ಕೇಳಿದಾಗ ಮಾದಮ್ಮನ ಕೈ ಕರಿಯಾಡಿನ ಬಾಲದ ಬುಡದಲ್ಲಿತ್ತು. ನಿನ್ನೆಯವರೆಗೆ ಬಿಗಿಯಾಗಿ ಸಿಗುತ್ತಿದ್ದ ನರಗಳು ಈಗ ಬೆರಳಿಗೇ ಸಿಗುತ್ತಿರಲಿಲ್ಲ. ಕೆಚ್ಚಲು ತುಂಬಿ ತೊಟ್ಟುಗಳು ಬಿರಿಯುವಂತಾಗಿದ್ದವು. ಆಡುಗಳ ಜೊತೆಯಲ್ಲೇ ಮುದುಕಿಯಾದವಳಿಗೆ ಇಷ್ಟು ಸಾಕು. ಇವತ್ತೇ, ಹೊತ್ತು ಮುಳುಗುವುದರೊಳಗೆ.

"ಎಲ್ಬಂತು ಬುಡು ರಾಚವ್ವ," ಎಂದಳು ಮಾದಮ್ಮ, ತಿರುಗಿ ನೋಡದೆ. "ಮರಿ ಇನ್ನೂವೆ ಕೆಳಕ್ಕ ಇಳ್ದಿಲ್ಲ. ನಾಕೈದ್ ದಿನ ಆದ್ರೂ ಬೇಕು ಕಣ."

ರಾಚಮ್ಮ ನಂಬಿದಳು. ಅರಿಸಿನ, ಬಾಳೆ ಬೆಳೆಯುವ ಮನೆಯಲ್ಲಿ ಹುಟ್ಟಿ ಅಂಥದೇ ಮನೆ ಸೇರಿದವಳು. ಆಡೆಂದರೆ ಅವಳಿಗೆ ಬೇಲಿ ಹಾರಿ ಬೆಳೆ ತಿನ್ನುವ ಪೀಡೆ, ಅಷ್ಟೇ. "ಇದೇನ್ ಆನೆ ಗಬ್ಬವಾ ತಾಯಿ" ಎಂದು ಗೊಣಗಿಕೊಂಡು ಒಳಗೆ ಹೋದಳು.

ಆ ಮನೆಗೆ ಆಡು ಬಂದದ್ದು ಮಾದಮ್ಮನ ಮಗಳು ರಂಜಿನಿಯ ಬಳುವಳಿಯಾಗಿ. ಕೆಂದಾಡು, ಕರಿಯಾಡು ಎರಡನ್ನೂ ಮಾದಮ್ಮನೇ ಉಮ್ಮತ್ತೂರಿನಿಂದ ಅರಿಸಿನ ಕುಂಕುಮ ಇಟ್ಟು ಕಳಿಸಿದ್ದಳು. ಹೋದ ದೀಪಾವಳಿಗೆ ರಂಜಿನಿ ಕಾಮಾಲೆಯಲ್ಲಿ ತೀರಿಕೊಂಡಳು. ಮೈಯೆಲ್ಲ ಹಳದಿಯಾದರೂ, ಸೊಪ್ಪಿನ ರಸ ಕುಡಿಸಿದ್ದೇವೆ, ನಾಳೆ ನೋಡೋಣ, ನಾಳಿದ್ದು ನೋಡೋಣ ಎಂದು ತಡಮಾಡಿದವಳು ಇದೇ ರಾಚಮ್ಮ. ಆ ಸಿಟ್ಟು ಮಾದಮ್ಮನ ಎದೆಯಲ್ಲಿ ಆರಿರಲಿಲ್ಲ. ಆರಲೂ ಬಾರದು ಎಂದುಕೊಂಡಿದ್ದಳು.

ಈಗ ಅಳಿಯ ದೇವರಾಜುವಿಗೆ ಬೇಗೂರಿನ ಕಡೆಯ ಹೆಣ್ಣು ಗೊತ್ತಾಗಿತ್ತು. ಹಳೆಯವಳ ಬಳುವಳಿ ತವರಿಗೆ ಹೋದ ಮೇಲೇ ಹೊಸಬಳು ಹೊಸಿಲು ತುಳಿಯುವುದು ಎಂದು ಹೆಣ್ಣಿನ ಕಡೆಯವರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಪಾತ್ರೆ, ಬೀರು, ಹೊಲಿಗೆ ಮಿಷನ್ನು ಎಲ್ಲ ಹೋದವು. ಉಳಿದದ್ದು ಆಡುಗಳು, ಅವೂ ಎರಡೂ ಗಬ್ಬ. ಗಬ್ಬದ ಆಡನ್ನು ಊರಗಡಿ ದಾಟಿಸುವಂತಿಲ್ಲ ಎಂಬುದು ಆ ಕುಲದವರ ಕಟ್ಟು. ಕೊಂಡೊಯ್ಯುವವರೇ ಬಂದು ಉಳಿದು, ಈಯಿಸಿಕೊಂಡು ಹೋಗಬೇಕು. ಹೀಗಾಗಿ ಮಗ ಸೊಸೆಗೆ ಹೇಳಿ, ಎರಡು ಸೀರೆ ಚೀಲಕ್ಕೆ ತುರುಕಿಕೊಂಡು, ಮಗಳು ಸತ್ತ ಮನೆಯಲ್ಲಿ ಆಡಿನ ಬಾಣಂತನಕ್ಕೆ ಮಾದಮ್ಮ ಬಂದು ಕೂತಿದ್ದಳು.

ಅವಳು ನಿಜಕ್ಕೂ ಬಂದದ್ದು ಆಡಿಗಲ್ಲ, ಭವ್ಯಳಿಗೆ. ರಂಜಿನಿ ಬಿಟ್ಟುಹೋದ ಕೂಸು, ನಾಲ್ಕು ವರ್ಷ ತುಂಬಿರಲಿಲ್ಲ. ಕೂಸನ್ನು ತನಗೆ ಕೊಡಿ, ಉಮ್ಮತ್ತೂರಿನಲ್ಲಿ ಸಾಕಿಕೊಳ್ಳುತ್ತೇನೆ ಎಂದು ಮಾದಮ್ಮ ಬಂದ ದಿನವೇ ಕೇಳಿದ್ದಳು. ರಾಚಮ್ಮ ಒಪ್ಪಲಿಲ್ಲ. ಕೊನೆಗೆ ಕುಲದ ಯಜಮಾನ ದೊಡ್ಡಮಲ್ಲಪ್ಪ ತೀರ್ಮಾನ ಹೇಳಿದ್ದ. "ಅಪ್ಪನ ಎದ್ರುಗ ಕೂಸ್ನೇ ಕೇಳನ. ಓಯ್ತಿನಿ ಅಂತ ಅದರ ಬಾಯಲ್ಲೇ ಬಂದ್ರ ಕರ್ಕೊಂಡೋಗು ಮಾದವ್ವ. ಬರ್ದಿದ್ರ ಆಡ ಇಡ್ಕೊಂಡು ಸುಮ್ನ ನಡಿ."

ಆಗ ಕೂಸು ಅವಳ ಹತ್ತಿರಕ್ಕೂ ಬರುತ್ತಿರಲಿಲ್ಲ. ಕರೆದರೆ ಕಂಬದ ಹಿಂದೆ ಅವಿತುಕೊಳ್ಳುತ್ತಿತ್ತು. ಕೆಂದಾಡು ಈದು ಅವಳಿ ಮರಿ ಹಾಕಿದ ಮೇಲೆ ಮರಿಯ ಆಸೆಗೆ ಕೊಟ್ಟಿಗೆಗೆ ಬಂತು. ಮರಿಯ ಬಾಯಿಗೆ ತೊಟ್ಟು ಹಿಡಿಸುವುದನ್ನು ಕಲಿತಿತು. "ಆಡಜ್ಜಿ" ಎಂದು ಹೆಸರಿಟ್ಟಿತು. ನಿನ್ನೆ ಮಾದಮ್ಮನ ಸೆರಗು ಹೊದ್ದು ಮಲಗಿದ್ದಾಗ, "ನಾನೂ ಬತ್ತಿನಿ ಆಡಜ್ಜಿ, ಮರಿ ಜೊತ್ಗ" ಎಂದುಬಿಟ್ಟಿತು. ಮಾದಮ್ಮನಿಗೆ ಖುಷಿಗೆ ನಿದ್ದೆಯೇ ಹತ್ತಿರಲಿಲ್ಲ.

ದೇವರಾಜು ಬಂಡೀಪುರದ ಕಾಡಿನಲ್ಲಿ ವಾಚರ್. ವಾರವೆಲ್ಲ ಒಳಗಿನ ಕ್ಯಾಂಪಿನಲ್ಲಿದ್ದು ಒಂದು ದಿನ ಮನೆಗೆ ಬರುತ್ತಿದ್ದ. ನಾಳೆ ಬರುವವನಿದ್ದ. ಕರಿಯಾಡು ಇವತ್ತೇ ಈದರೆ ರಾಚಮ್ಮ ನಾಳೆಯವರೆಗೆ ಕಾಯುವವಳಲ್ಲ; ಗೂಡ್ಸ್ ಆಟೋದ ಪುಟ್ಟಮಾದುವಿಗೆ ಆಗಲೇ ಹೇಳಿಟ್ಟಿದ್ದಳು. ಮಗ ಬರುವುದರೊಳಗೆ ಮಾದಮ್ಮನನ್ನು ಆಟೋ ಹತ್ತಿಸಿ ಕೈತೊಳೆದುಕೊಳ್ಳುತ್ತಿದ್ದಳು. ಒಂದೇ ಒಂದು ದಿನ ಬೇಕಿತ್ತು ಮಾದಮ್ಮನಿಗೆ. ಅದಕ್ಕಾಗಿಯೇ ಸುಳ್ಳು ಹೇಳಿದಳು. ಆಡು ಅವಳ ಅನುಕೂಲ ನೋಡಿ ಈಯುತ್ತದೆಯೇ ಎಂದು ಯಾರಾದರೂ ಕೇಳಿದ್ದರೆ ಅವಳೇ ನಗುತ್ತಿದ್ದಳು. ಆದರೆ ಆಸೆ ಹತ್ತಿದವರಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು?

ಬೆಳಗಿನ ಊಟ ಮುಗಿಯುವ ಹೊತ್ತಿಗೆ ಆಡು ನೆಲ ಕೆರೆಯಲು ಶುರುಮಾಡಿತು. ಮಲಗುವುದು, ಏಳುವುದು, ತನ್ನ ಹೊಟ್ಟೆಯನ್ನೇ ತಿರುಗಿ ನೋಡುವುದು. ಮಾದಮ್ಮ ಅದನ್ನು ಮೆಲ್ಲಗೆ ಬಿಚ್ಚಿಕೊಂಡು ಹೋಗಿ ಹಿತ್ತಲಿನ ಹುಲ್ಲುಮೆದೆಯ ಆಚೆಗೆ ಕಟ್ಟಿದಳು. ಅಲ್ಲಿಂದ ಮನೆಯ ಕಡೆಗೆ ಏನೂ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ರಾಚಮ್ಮ ಹಿಂಬಾಗಿಲಿನಿಂದ ಕೂಗಿದಳು. "ಅಕ್ಕಾ, ದನಿನ ಡಾಕ್ಟ್ರು ಬಂದವ್ರಂತ, ಪಂಚಾಯ್ತಿ ಮುಂದ ಚುಚ್ಚುಮದ್ದು ಆಕ್ತಾವ್ರ. ಕರಿಯಾಡ್ನ ಒಂದ್ಸಲ ತೋರ್ಸ್ಬುಡನಾ?"

"ಬ್ಯಾಡ ಬುಡು. ಗಬ್ಬದ ಆಡ ಯಾಕ್ ಎಳ್ಕೊಂಡೋಗನ. ಇನ್ನೂ ದಿನ ಅದ ಅಂದ್ನಲ್ಲ."

ಮರಿಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ಭವ್ಯ ಮೆದೆ ಸುತ್ತಿಕೊಂಡು ಬಂದಳು. ಆಡಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ನೋಡಿದಳು. "ಆಡಜ್ಜಿ, ನೀರ್ ಬುಗ್ಗೆ ಬತ್ತಾ ಅದ. ಮರಿ ಬತ್ತದ! ಅಜ್ಜಿಗ ಏಳ್ತಿನಿ" ಎಂದು ಎದ್ದವಳ ತೋಳನ್ನು ಮಾದಮ್ಮ ಗಬಕ್ಕನೆ ಹಿಡಿದಳು.

"ಸುಮ್ನಿರು ಕಣಮ್ಮಿ. ಯಾರ್ಗೂ ಏಳ್ಬ್ಯಾಡ. ಏಳುದ್ರ ನಿನ್ನ ಬುಟ್ಬುಟ್ಟು ಓಯ್ತಿನಿ."

ಕೂಸಿನ ಮುಖ ಸಣ್ಣದಾಯಿತು. ತಲೆಯಾಡಿಸಿ ಅಲ್ಲೇ ಕೂತಿತು.

ನೀರು ಒಡೆದ ಮೇಲೆ ಮರಿ ಬರಬೇಕಿತ್ತು, ಬರಲಿಲ್ಲ. ಒಂದು ಗೊರಸು ಕಂಡಿತು, ಮತ್ತೆ ಒಳಗೆ ಸರಿಯಿತು. ಈಗ ಕೈ ಹಾಕಬೇಕು ಎಂದು ಮಾದಮ್ಮನಿಗೆ ಗೊತ್ತಿತ್ತು. ಕೈ ಹಾಕಿದರೆ ಆಡು ಅರಚುತ್ತದೆ, ಅರಚಿದರೆ ರಾಚಮ್ಮ ಓಡಿಬರುತ್ತಾಳೆ, ಇದೂ ಗೊತ್ತಿತ್ತು. ತಾನೇ ಹಾಕುತ್ತದೆ, ಇನ್ನೊಂದು ಚೂರು ನೋಡೋಣ ಎಂದುಕೊಂಡಳು. ಆಡಿನ ಮೂತಿಯನ್ನು ತೊಡೆಗೆ ಒತ್ತಿಕೊಂಡು ಸವರುತ್ತ ಕೂತಳು. ನೆರಳು ಮೆದೆಯ ಇನ್ನೊಂದು ಪಕ್ಕಕ್ಕೆ ತಿರುಗಿತು. ಇನ್ನೊಂದು ಚೂರು, ಇನ್ನೊಂದು ಚೂರು ಎನ್ನುತ್ತಲೇ ಇದ್ದಳು.

ಕೊನೆಗೆ ಆಡು ತಿಣುಕುವುದನ್ನೇ ನಿಲ್ಲಿಸಿ ಅಡ್ಡ ಬಿತ್ತು. ಮಾದಮ್ಮ ಕೈಗೆ ಎಣ್ಣೆ ಬಳಿದುಕೊಂಡು ಒಳಗೆ ತೂರಿಸಿದಳು. ಮರಿಯ ಕತ್ತು ಹಿಂದಕ್ಕೆ ಮಡಿಚಿಕೊಂಡಿತ್ತು. ಆಡು ಅರಚಿದ ಅರಚಾಟಕ್ಕೆ ರಾಚಮ್ಮ ಮಾಡುತ್ತಿದ್ದ ಕೆಲಸ ಬಿಟ್ಟು ಓಡಿಬಂದಳು. ಡಾಕ್ಟರಿಗೆ ಫೋನು ಮಾಡಿಸಿದರೆ, ಅವರು ಆಗಲೇ ತೆರಕಣಾಂಬಿಯ ಆಚೆ ಹೋಗಿದ್ದರು. ಮಾದಮ್ಮ ಹಲ್ಲು ಕಚ್ಚಿ ಮರಿಯ ತಲೆಯನ್ನು ತಿರುಗಿಸಿಕೊಂಡು ಎಳೆದಳು. ತಾಯಿಯಷ್ಟೇ ಕಪ್ಪಗಿನ ಹೆಣ್ಣು ಮರಿ. ಮೂಗಿನ ಲೋಳೆ ತೆಗೆದಳು, ಬಾಯಿಗೆ ಬಾಯಿಟ್ಟು ಊದಿದಳು, ಹಿಂಗಾಲು ಹಿಡಿದು ತೂಗಿದಳು. ಅದು ಉಸಿರಾಡಲಿಲ್ಲ.

ಕೂಸು ಮೆದೆಗೆ ಒರಗಿಕೊಂಡು ಎಲ್ಲವನ್ನೂ ನೋಡುತ್ತಿತ್ತು. ಅದನ್ನು ಒಳಗೆ ಕಳಿಸಬೇಕೆಂದು ಇಬ್ಬರು ಅಜ್ಜಿಯರಿಗೂ ಹೊಳೆದಿರಲಿಲ್ಲ.

ರಾಚಮ್ಮ ಆಡಿನ ಹತ್ತಿರ ಕೂತು ಅದರ ಬಾಲ ಮುಟ್ಟಿದಳು. ಬಾಲದ ಕೂದಲಿಗೆ ಹತ್ತಿದ್ದ ಲೋಳೆ ಒಣಗಿ ಗರಿಗರಿಯಾಗಿತ್ತು. ಕೆದರಿದ ನೆಲ ನೋಡಿದಳು, ಹುಲ್ಲುಮೆದೆ ನೋಡಿದಳು, ಮಾದಮ್ಮನನ್ನು ನೋಡಿದಳು. ಆಡಿನ ವಿದ್ಯೆ ಗೊತ್ತಿಲ್ಲದಿದ್ದರೂ ಎರಡು ಹೆತ್ತವಳು. ಬೆಳಗಿನಿಂದ ಏನು ನಡೆದಿದೆ ಎಂದು ತಿಳಿಯಲು ಅಷ್ಟು ಸಾಕಾಯಿತು. ಈಗ ಬಾಯಿಗೆ ಬಂದಂತೆ ಬೈಯುತ್ತಾಳೆ ಎಂದು ಮಾದಮ್ಮ ತಲೆ ತಗ್ಗಿಸಿದಳು.

ರಾಚಮ್ಮ ಬೈಯಲಿಲ್ಲ. "ನಂಗೂ ಇಂಗೇ ಆಯ್ತು ಕಣಕ್ಕ," ಎಂದಳು. "ನಾಳ ಇಳಿತದ, ನಾಳ ಇಳಿತದ ಅನ್ಕೊಂಡೇ ನಾನೂ ಕೂತಿದ್ದಿ. ರಂಜಿನಿ ಕಣ್ಣು ನೋಡುದ್ರ ಗೊತ್ತಾಗದು. ಆದ್ರೂ ಕೂತಿದ್ದಿ."

ಬೈದಿದ್ದರೆ ಮಾದಮ್ಮ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆದುಕೊಳ್ಳುವುದು ಅವಳಿಂದ ಆಗಲಿಲ್ಲ. ಇಷ್ಟು ದಿನ ಯಾರನ್ನು ಕೊಲೆಗಾತಿ ಎಂದು ಮನಸ್ಸಿನಲ್ಲೇ ಬೈದಿದ್ದಳೋ ಅವಳ ಪಕ್ಕದಲ್ಲೇ ಈಗ ತಾನೂ ಕೂತಿದ್ದಾಳೆ ಎನಿಸಿ, ಲೋಳೆಯ ಕೈಯಲ್ಲೇ ಮುಖ ಮುಚ್ಚಿಕೊಂಡು ಬಿಕ್ಕಿದಳು. ಸತ್ತ ಮರಿಯನ್ನು ಬಾಳೆಯ ಬುಡದಲ್ಲಿ ಗುಂಡಿ ತೋಡಿ ಹೂತವಳು ರಾಚಮ್ಮನೇ. ಪುಟ್ಟಮಾದುವಿಗೆ ಆ ದಿನ ಫೋನು ಹೋಗಲಿಲ್ಲ. ಮಾದಮ್ಮ ಬಯಸಿದ್ದ ಒಂದು ದಿನವನ್ನು ಅವಳು ಕೇಳದೆಯೇ ಬೀಗತಿ ಕೊಟ್ಟಿದ್ದಳು.

ಮಾರನೆಯ ದಿನ ದೇವರಾಜು ಖಾಕಿ ಬಟ್ಟೆಯಲ್ಲೇ ಬಂದ. ದೊಡ್ಡಮಲ್ಲಪ್ಪ ಜಗಲಿಯ ಮೇಲೆ ಕೂತ. ದೇವರಾಜು ಮಗಳ ಮುಂದೆ ಮಂಡಿಯೂರಿ ಮೆತ್ತಗೆ ಕೇಳಿದ. "ಮೊಗ, ಆಡಜ್ಜಿ ಜೊತ್ಗ ಉಮ್ಮತ್ತೂರ್ಗ ಓಯ್ತಿಯಾ? ಇಲ್ಲೇ ಇದ್ದಯಾ? ನಿಂಗ ಎಂಗಿಷ್ಟನೋ ಅಂಗ."

ಭವ್ಯ ರಾಚಮ್ಮನ ಸೆರಗು ಹಿಡಿದುಕೊಂಡಳು. ಆಮೇಲೆ ಹೇಳಿದಳು. "ಆಡು ಇಲ್ಲೇ ಇರ್ಲಿ. ಮರಿನೂ ಇರ್ಲಿ. ಆಡಜ್ಜಿ ಓಗ್ಲಿ."

"ಯಾಕವ್ವ ಅಂಗಂದೈ?"

"ಮರಿ ಬತ್ತದ ಅಂತ ನಾನ್ ಏಳ್ದಿ. ಸುಮ್ನಿರು ಅಂದ್ಲು. ಮರಿ ಸತ್ತೋಯ್ತು."

ದೇವರಾಜು ತಲೆಯೆತ್ತಿ ಅತ್ತೆಯನ್ನು ನೋಡಿದ.

"ಕೂಸು ಏನೋ ಅಂತದ ಬುಡ್ಲಾ," ಎಂದು ರಾಚಮ್ಮ ಮಗನನ್ನು ಗದರಿದಳು. "ಆಡು ಈದಾಗ ಒಂದ್ ಉಳೀತದ, ಒಂದ್ ಓಯ್ತದ. ಆಟೋ ಬಂತಾ ನೋಡೋಗು."

ಆಟೋದ ಹಿಂದೆ ಆಡುಗಳನ್ನು ಕಟ್ಟಿ, ಅವಳಿ ಮರಿಗಳನ್ನು ಮಡಿಲಲ್ಲಿ ಇಟ್ಟುಕೊಂಡು ಮಾದಮ್ಮ ಹತ್ತಿ ಕೂತಳು. ಮರಿ ಹೋಗುತ್ತದೆಂದು ಕೂಸು ನೆಲಕ್ಕೆ ಬಿದ್ದು ಅಳುತ್ತಿತ್ತು. ರಾಚಮ್ಮ ಅದನ್ನು ಎತ್ತಿಕೊಂಡು ಒಳಗೆ ಹೋದಳು. ಊರಗಡಿ ದಾಟುವವರೆಗೂ ಅದರ ಅಳು ಕೇಳುತ್ತಿದೆಯೇನೋ ಎಂದು ಮಾದಮ್ಮನಿಗೆ ಅನ್ನಿಸುತ್ತಲೇ ಇತ್ತು.

ದಾರಿಯಲ್ಲಿ ಪುಟ್ಟಮಾದು ಟೀ ಕುಡಿಯಲು ನಿಲ್ಲಿಸಿದ. ಕರಿಯಾಡಿನ ಕೆಚ್ಚಲು ಕಲ್ಲಾಗಿತ್ತು. ಕೆಂದಾಡಿನ ಮರಿಗಳನ್ನು ಹಿಡಿಸಲು ನೋಡಿದರೆ ಒದ್ದು ದೂರ ತಳ್ಳಿತು. ಮಾದಮ್ಮ ಅದನ್ನು ಇಳಿಸಿಕೊಂಡು ರಸ್ತೆಯ ಪಕ್ಕದಲ್ಲಿ ಕೂತು ಹಿಂಡತೊಡಗಿದಳು.

"ಗಿಣ್ಣಾಲಲ್ವಾ ಅಜ್ಜಿ? ನೆಲಕ್ಯಾಕ್ ಚೆಲ್ಲಿಯೆ? ಟೀ ಅಂಗ್ಡೀಲಿ ಲೋಟ ಇಸ್ಕೊಬರ್ಲಾ, ಮನ್ಗ ಒಯ್ವಂತೆ?" ಎಂದ ಪುಟ್ಟಮಾದು.

"ಯಾರ್ಗಪ್ಪ ಒಯ್ಲಿ?" ಎಂದಳು ಮಾದಮ್ಮ.

ಅವನು ಟೀ ಕುಡಿಯಲು ಹೋದ. ಲಾರಿಗಳು ಒಂದರ ಹಿಂದೊಂದು ಹಾದುಹೋಗುತ್ತಿದ್ದವು. ಮಂದವಾದ ಹಳದಿ ಹಾಲು ಧೂಳಿನ ಮೇಲೆ ಬಿದ್ದು, ಸ್ವಲ್ಪ ಹೊತ್ತು ನಿಂತು, ಇಂಗುತ್ತಿತ್ತು. ಕೆಚ್ಚಲು ಮೆತ್ತಗಾಗುವವರೆಗೂ ಅವಳು ಹಿಂಡುತ್ತಲೇ ಇದ್ದಳು.